ಮಾತು ಯಾರ ಖಾತೆಗೆ?

ಜಡಿಗೇನಹಳ್ಳಿಯ ನಾಡಕಚೇರಿಗೆ ವಿಧವಾ ವೇತನದ ಅರ್ಜಿ ಹಿಡಿದು ಬರುವ ಹೆಂಗಸಿಗೆ ಗೊತ್ತಿರುವ ಒಂದು ಸಂಗತಿ ನಮ್ಮ ಬಹುಪಾಲು ಸಾಹಿತ್ಯ ವಿಮರ್ಶಕರಿಗೆ ಇನ್ನೂ ಗೊತ್ತಾಗಿಲ್ಲ. ಅರ್ಜಿಯಲ್ಲಿ 'ನಾನು ಗಂಡನನ್ನು ಕಳೆದುಕೊಂಡ ಬಡ ಹೆಂಗಸಾಗಿದ್ದು, ನನಗೆ ಇಬ್ಬರು ಹೆಣ್ಣುಮಕ್ಕಳಿದ್ದು, ಜೀವನಕ್ಕೆ ಬೇರೆ ಆಧಾರ ಇರುವುದಿಲ್ಲ' ಎಂದು ಇರುತ್ತದೆ. ಅವಳಿಗಾಗಿ ಅದನ್ನು ಬರೆದುಕೊಟ್ಟ ಯಜಮಾನರಿಗೆ ಗಿರಿಜಾ ಮೀಸೆ. ಅವರ ಹೆಂಡತಿ ಅದೇ ಹೊತ್ತಿಗೆ ಮಧ್ಯಾಹ್ನದ ಡಬ್ಬಿ ತಂದು ಪಕ್ಕದಲ್ಲಿ ಇಟ್ಟಿರುತ್ತಾರೆ. ಸಾಲಿನಲ್ಲಿ ನಿಂತ ಯಾರೊಬ್ಬರೂ 'ಯಜಮಾನ್ರೇ, ನಿಮ್ಮ ಗಂಡ ತೀರ್ಕೊಂಡಿದ್ದು ಯಾವಾಗ?' ಎಂದು ಕೇಳಿದ್ದಿಲ್ಲ. 'ನಾನು' ಎಂದು ಬರೆದವರೆಲ್ಲ ತಮ್ಮ ಬಗ್ಗೆಯೇ ಬರೆಯುತ್ತಾರೆ ಎಂಬ ಭ್ರಮೆ ಹುಟ್ಟಬೇಕಾದರೆ ಕನ್ನಡ ಎಂ.ಎ. ಆಗಿರಬೇಕು, ಇಲ್ಲವೇ ಸಂಘಟನೆಯೊಂದರ ತಾಲ್ಲೂಕು ಅಧ್ಯಕ್ಷರಾಗಿರಬೇಕು.

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಜಡಿಗೇನಹಳ್ಳಿ ಒಂದು. ರಾಗಿ ಹೊಲಗಳ ಪಕ್ಕ ಗೋದಾಮು, ಲೇಔಟು ಏಳಲು ಶುರುವಾದ ಮೇಲೆ ಈ ಸೀಮೆಯಲ್ಲಿ ಕಾಗದಪತ್ರದ ಭಾಷೆ ಎಲ್ಲರಿಗೂ ಬಾಯಿಪಾಠ. ಪಹಣಿ, ಮ್ಯುಟೇಶನ್, ಪೋಡಿ, ಪೌತಿ ಖಾತೆ, ಚಕ್ಕುಬಂದಿ. ಹಳೆಯ ಕ್ರಯಪತ್ರವೊಂದರ ಕೊನೆಯ ಪುಟ ನೋಡಿ: ಬರೆಸಿಕೊಟ್ಟವನ ಹೆಬ್ಬೆಟ್ಟು ಒಂದು ಕಡೆ, ಸಾಕ್ಷಿಗಳ ರುಜು ಇನ್ನೊಂದು ಕಡೆ, ತಳದಲ್ಲಿ ಬಿಕ್ಕಲಂ ಎಂದು ಬರೆದವನ ಹೆಸರು. ನಾಳೆ ವ್ಯಾಜ್ಯ ಎದ್ದರೆ ಬಿಕ್ಕಲಂ ಹಾಕಿದವನನ್ನು ಸಾಕ್ಷಿ ನುಡಿಯಲು ಕರೆಸುತ್ತಾರೆಯೇ ಹೊರತು, 'ನೀನೇ ಅಲ್ಲವೇನಯ್ಯ ಜಮೀನು ಮಾರಿದ್ದು' ಎಂದು ಯಾರೂ ಕುತ್ತಿಗೆ ಹಿಡಿಯುವುದಿಲ್ಲ. ಮೂರೂವರೆ ಗುಂಟೆ ಜಮೀನಿಗೆ ಇರುವ ಈ ವಿವೇಕ ಮುನ್ನೂರೈವತ್ತು ಪುಟದ ಕಾದಂಬರಿಗೆ ಮಾತ್ರ ಸಿಗಲಿಲ್ಲ.

ಅರ್ಜಿ ಬರೆಯುವವರನ್ನೊಮ್ಮೆ ಕೇಳಿದೆ: "ಇದರಲ್ಲಿ ನಿಮ್ಮದು ಎಷ್ಟು, ಅವರದ್ದು ಎಷ್ಟು ಯಜಮಾನ್ರೇ?"

"ವಿಷಯ ಆಯಮ್ಮಂದು ಸಾರ್. ಕಣ್ಣೀರು ನಂದು. ಎಲ್ಲಿ ಎಷ್ಟು ಹಾಕಿದ್ರೆ ಸಾಹೇಬ್ರು ಸೈನ್ ಹಾಕ್ತಾರೆ ಅನ್ನೋದು ಆಯಮ್ಮಂಗೆ ಗೊತ್ತಿರಲ್ಲ, ನಂಗೊತ್ತು."

ಅಮೆರಿಕದ ವೇಯ್ನ್ ಬೂತ್ ಎಂಬ ವಿಮರ್ಶಕ 1961ರಲ್ಲಿ ದಪ್ಪ ಪುಸ್ತಕವೊಂದನ್ನು ಬರೆದು, ಬರೆದ ಮನುಷ್ಯ ಬೇರೆ, ಕಥೆ ಹೇಳುವ ನಿರೂಪಕ ಬೇರೆ, ಇವರಿಬ್ಬರ ನಡುವೆ ಕೃತಿಯಿಂದ ನಾವು ಊಹಿಸಿಕೊಳ್ಳುವ ಮೂರನೆಯ ಲೇಖಕನೊಬ್ಬ ಬೇರೆ ಎಂದು ಬಿಡಿಸಿಟ್ಟ. ಕಣ್ಣೀರು ಹಾಕುವವನು ಆ ಮೂರನೆಯವನು. ಬೂತ್‌ಗೆ ಅಷ್ಟು ಪುಟ ಹಿಡಿದದ್ದು ನಮ್ಮ ಯಜಮಾನರಿಗೆ ಒಂದು ಗುಟುಕು ಟೀ ಕುಡಿಯುವಷ್ಟರಲ್ಲಿ ಮುಗಿಯಿತು.

ತಾಲ್ಲೂಕಿನ ಎಲ್ಲೆ ದಾಟಿದರೆ ಮಾಲೂರು, ಮಾಸ್ತಿಯವರ ಸೀಮೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1943ರಲ್ಲಿ ಬಿಡುವವರೆಗೂ ಮೈಸೂರು ಸರ್ಕಾರದ ಕೆಲಸದಲ್ಲಿದ್ದವರು. ಹಗಲೆಲ್ಲ ಇಂಥವೇ ಅರ್ಜಿಗಳ ಮೇಲೆ ಹುಕುಂ ಬರೆದು, ಉಳಿದ ಹೊತ್ತಿನಲ್ಲಿ 'ಶ್ರೀನಿವಾಸ' ಎಂಬ ಇನ್ನೊಂದು ಹೆಸರಿನಲ್ಲಿ ಕಥೆ ಬರೆದರು. ಅವರ ಎಷ್ಟೋ ಕಥೆಗಳಲ್ಲಿ ಹೇಳುವವನು ಇನ್ನಾರಿಂದಲೋ ಕೇಳಿದ್ದನ್ನು ಹೇಳುತ್ತಾನೆ. ಅವನಿಗೆ ಹೇಳಿದವನು ಮತ್ತಾರಿಂದಲೋ ಕೇಳಿರುತ್ತಾನೆ. ಇಷ್ಟು ಬಾಗಿಲು ದಾಟಿ ಒಳಗೆ ಹೋದಮೇಲೂ ಲೇಖಕ ಸಿಗುತ್ತಾನೆಂಬ ಖಾತ್ರಿಯಿಲ್ಲ. ಕಂದಾಯ ಇಲಾಖೆಯಲ್ಲಿ ಪಳಗಿದವರ ಎಚ್ಚರವದು.

ಅಷ್ಟು ಎಚ್ಚರವಿಲ್ಲದವರ ಪಾಡು ನೋಡಿ. ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ.ಗೆಂದು ಹೋದವರು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿ ಬಂದು 'ಸಂಸ್ಕಾರ' ಬರೆದರು. 1965ರಲ್ಲಿ ಅದು ಅಚ್ಚಾಯಿತು. ಸಿಟ್ಟಾದ ಮಾಧ್ವ ಓದುಗರು ಅನಂತಮೂರ್ತಿಯೇ ನಾರಣಪ್ಪ ಎಂದರು. ಮೆಚ್ಚಿದವರು ಅನಂತಮೂರ್ತಿಯೇ ಪ್ರಾಣೇಶಾಚಾರ್ಯ ಎಂದರು. ಒಬ್ಬ ಲೇಖಕ ಒಂದೇ ಅಗ್ರಹಾರದಲ್ಲಿ ಎರಡು ಮನೆ ಮಾಡಿಕೊಂಡು, ಒಂದರಲ್ಲಿ ವೇದಾಂತ, ಇನ್ನೊಂದರಲ್ಲಿ ಮದ್ಯ ಮಾಂಸ ನಡೆಸುತ್ತಿದ್ದ ಹಾಗಾಯಿತು. 1970ರ ಸಿನಿಮಾದಲ್ಲಿ ಆಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್ ಬಂದಾಗ ಗೊಂದಲ ಇನ್ನೂ ಹೆಚ್ಚಾಯಿತು, ಯಾಕೆಂದರೆ ಇಬ್ಬರೂ ಲೇಖಕರೇ. ಮದರಾಸಿನ ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು, ಕೊನೆಗೆ ಅದಕ್ಕೇ ರಾಷ್ಟ್ರಪತಿ ಸ್ವರ್ಣಪದಕ ಬಂತು. ಸಾಲದ್ದಕ್ಕೆ ವಿ.ಎಸ್. ನೈಪಾಲ್ ಭಾರತದ ಬಗ್ಗೆ 1977ರಲ್ಲಿ ಬರೆದ ಪುಸ್ತಕದಲ್ಲಿ 'ಸಂಸ್ಕಾರ'ವನ್ನು ಎಳೆದು ತಂದು, ಲೇಖಕ, ಆಚಾರ್ಯ, ಅಗ್ರಹಾರ, ದೇಶ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಕ ಹಾಕಿದರು. ದೊಡ್ಡ ಲೇಖಕರಾದರೆ ತಪ್ಪೂ ದೊಡ್ಡದೇ ಆಗಬೇಕಲ್ಲ.

ನಮ್ಮ ಓದುಗರಿಗೆ ಇದರಲ್ಲಿ ಒಂದು ನಿಯಮವಿದೆ. ಮಾತು ಹಿಡಿಸಿದರೆ ಪಾತ್ರ ಎಷ್ಟು ಜೀವಂತ ಎನ್ನುತ್ತಾರೆ. ಹಿಡಿಸದಿದ್ದರೆ ಲೇಖಕನ ಮನೆ ಅಡ್ರೆಸ್ ಕೇಳುತ್ತಾರೆ. ಶಿವರಾಮ ಕಾರಂತರ ಮೂಕಜ್ಜಿಯನ್ನೇ ತೆಗೆದುಕೊಳ್ಳಿ. ಎಂಬತ್ತು ದಾಟಿದ ಬಾಲವಿಧವೆ ಜಗಲಿಯ ಮೇಲೆ ಕೂತು ದೇವರು, ಕಾಮ, ಸಂನ್ಯಾಸ ಎಲ್ಲದರ ಬಗ್ಗೆ ಆಡುವ ಮಾತು ಕಾರಂತರದ್ದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಜ್ಜಿಗೆ ಬಿಳಿ ಜುಬ್ಬ ತೊಡಿಸಿದರೆ ಕಾರಂತರ ಪುತ್ತೂರಿನ ಬಾಲವನದಲ್ಲೇ ಓಡಾಡಿಕೊಂಡಿರಬಹುದಿತ್ತು. ಆದರೂ 1968ರ ಆ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಮಾತನ್ನು ಮೂವತ್ತು ವರ್ಷದ, ಕತ್ತರಿಸಿದ ಕೂದಲಿನ ಲೆಕ್ಚರರ್ ಹೆಂಗಸೊಬ್ಬಳ ಬಾಯಲ್ಲಿ ಆಡಿಸಿದ್ದರೆ ಚಪ್ಪಾಳೆಯ ಬದಲು ಇನ್ನೇನೋ ಸದ್ದು ಕೇಳುತ್ತಿತ್ತು. ಅಜ್ಜಿಯ ಬಾಯಿ ಒಳ್ಳೆಯ ಜಾಮೀನು.

ಇಲ್ಲೊಂದು ಸ್ವಾರಸ್ಯವಿದೆ, ಅವಸರದ ಓದುಗರು ಇದನ್ನು ಹಾದುಹೋಗುತ್ತಾರೆ. ಮೂಕಜ್ಜಿಗೆ ಒಂದು ಮೂಳೆಯ ಚೂರನ್ನೋ ಹಳೆಯ ವಸ್ತುವನ್ನೋ ಕೈಗಿತ್ತರೆ ಸಾಕು, ಸಾವಿರಾರು ವರ್ಷದ ಹಿಂದಿನದು ಕಣ್ಣೆದುರು ಬರುತ್ತದೆ. ಇಂಥ ಶಕ್ತಿ ತನಗಿದೆ ಎಂದು ಯಾವನಾದರೂ ಸ್ವಾಮಿ ಬಾಲವನದ ಗೇಟಿನ ಮುಂದೆ ನಿಂತಿದ್ದರೆ ಕಾರಂತರು ಅವನನ್ನು ಒಳಗೆ ಬಿಡುತ್ತಿರಲಿಲ್ಲ. ತಾವು ನಂಬದ ಪವಾಡವೊಂದನ್ನು ಅಜ್ಜಿಗೆ ಕೊಟ್ಟು, ಅದರ ಮೂಲಕ ತಾವು ನಂಬಿದ್ದನ್ನು ಹೇಳಿಸಿದರು. ಹಾಗಾದರೆ ಮೂಕಜ್ಜಿ ಕಾರಂತರೋ ಅಲ್ಲವೋ? ವಿಚಾರ ಅವರದ್ದು, ಕಣ್ಣು ಅವರದ್ದಲ್ಲ. ಇಷ್ಟು ನೇರವಾಗಿ ಕಾಣುವ ವಕ್ತಾರಿಣಿಯಲ್ಲೇ ಪೋಡಿ ಮಾಡಿ ಪಾಲು ಬಿಡಿಸುವುದು ಕಷ್ಟವಾದರೆ ಉಳಿದವರ ಗತಿ ಏನು.

ಪೂರ್ಣಚಂದ್ರ ತೇಜಸ್ವಿಯವರದು ಪೋಡಿಯೇ ಆಗದ ಜಂಟಿ ಖಾತೆ. 1980ರ 'ಕರ್ವಾಲೊ'ದ ನಿರೂಪಕನಿಗೆ ಮೂಡಿಗೆರೆಯ ತೋಟ, ತೋಟದ ತಲೆನೋವು, ಕೊನೆಗೆ ಕಿವಿ ಎಂಬ ನಾಯಿ ಎಲ್ಲವನ್ನೂ ತಮ್ಮ ಮನೆಯಿಂದಲೇ ಒದಗಿಸಿಬಿಟ್ಟರು. ಹೆಸರೊಂದನ್ನು ಮಾತ್ರ ಕೊಡಲಿಲ್ಲ. ಪರಿಣಾಮವಾಗಿ, ಓದುಗರು ಮೂಡಿಗೆರೆಗೆ ಹೋಗಿ ಕಾದಂಬರಿಯ ಮಂದಣ್ಣನ ಮನೆ ಎಲ್ಲಿ ಎಂದು ವಿಚಾರಿಸುವಂತಾಯಿತು. ಅದರಲ್ಲೂ ಆ ನಿರೂಪಕ ತೇಜಸ್ವಿಗಿಂತ ಸ್ವಲ್ಪ ಮಂಕು. ಕರ್ವಾಲೊ ಹೇಳುವವರೆಗೆ ಮಂದಣ್ಣನಲ್ಲಿರುವ ವಿಜ್ಞಾನಿ ಅವನಿಗೆ ಕಾಣುವುದಿಲ್ಲ. ಬರೆದವರಿಗೆ ಮೊದಲೇ ಕಂಡಿತ್ತು, ಇಲ್ಲದಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ. ನಾಯಿ ಒಂದೇ ಆದರೂ ಯಜಮಾನರು ಇಬ್ಬರು.

ಇನ್ನು ಎಸ್.ಎಲ್. ಭೈರಪ್ಪ. ಇಲ್ಲಿ ನಿಲ್ಲಲೇಬೇಕು, ಈ ಪ್ರಕರಣದ ನಿಜವಾದ ಫೈಲು ಇದೇ.

2007ರಲ್ಲಿ 'ಆವರಣ' ಬಂತು. ಕೈಗೆ ಬರುವ ಮೊದಲೇ ಪ್ರತಿಗಳು ಖಾಲಿ. ಮುಸ್ಲಿಮನನ್ನು ಮದುವೆಯಾಗಿ ರಜಿಯಾ ಆಗಿದ್ದ ಲಕ್ಷ್ಮಿ ಅಪ್ಪ ತೀರಿಕೊಂಡ ಮೇಲೆ ಹಳ್ಳಿಗೆ ಮರಳುತ್ತಾಳೆ, ಅಪ್ಪ ಓದಿಟ್ಟ ಪುಸ್ತಕಗಳನ್ನು ಓದುತ್ತಾಳೆ, ತಾನೇ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಾಳೆ. ಆಧಾರ ಗ್ರಂಥಗಳ ಉದ್ದನೆಯ ಪಟ್ಟಿಯೂ ಇದೆ. ಪಟ್ಟಿ ಲಕ್ಷ್ಮಿಯದೋ ಭೈರಪ್ಪನವರದೋ? ಚರ್ಚೆ ಏಳಲೇ ಇಲ್ಲ, ಯಾಕೆಂದರೆ ಎರಡೂ ಬಣಕ್ಕೆ ಉತ್ತರ ಮೊದಲೇ ಗೊತ್ತಿತ್ತು, ಮತ್ತು ಎರಡೂ ಬಣದವರು ಬೆಳಗ್ಗೆ ಒಂದು, ಸಾಯಂಕಾಲ ಇನ್ನೊಂದು ಉತ್ತರ ಕೊಡುತ್ತಿದ್ದರು.

ಅಭಿಮಾನಿಗಳು ಬೆಳಗ್ಗೆ ಲಕ್ಷ್ಮಿಯ ಮಾತನ್ನು ಭಾಷಣದಲ್ಲಿ ಉದ್ಧರಿಸಿ 'ಭೈರಪ್ಪನವರು ದಾಖಲೆ ಸಮೇತ ಹೇಳಿದ್ದಾರೆ' ಎನ್ನುತ್ತಿದ್ದರು. ಸಾಯಂಕಾಲ ಯಾರಾದರೂ ಆ ಮಾತಿಗೆ ತಕರಾರು ತೆಗೆದರೆ, 'ಅದು ಪಾತ್ರದ ಮಾತು ಸ್ವಾಮೀ, ಕಾದಂಬರಿ ಓದುವುದು ಕಲಿಯಿರಿ' ಎನ್ನುತ್ತಿದ್ದರು. ಎದುರು ಬಣದ ಕಥೆ ಇದಕ್ಕಿಂತ ಚೆಂದ. ಕೃತಿಯೇ ಮುಖ್ಯ, ಕೃತಿಕಾರ ಹೊರಗಿನವನು ಎಂದು ತರಗತಿಯಲ್ಲಿ ದಶಕಗಟ್ಟಲೆ ಪಾಠ ಹೇಳಿದವರು ಅವರು. ಫ್ರಾನ್ಸಿನ ರೋಲಾ ಬಾರ್ತ್ 1967ರಲ್ಲೇ ಲೇಖಕ ಸತ್ತನೆಂದು ಘೋಷಿಸಿದ್ದನ್ನು ಕನ್ನಡಕ್ಕೆ ತಂದು ತಿಥಿಯನ್ನೂ ಮಾಡಿ ಮುಗಿಸಿದ್ದರು. 'ಆವರಣ' ಬಂದ ದಿನ ಸತ್ತವನನ್ನು ಎಬ್ಬಿಸಿ ಕೂರಿಸಿ, 'ಹೇಳು, ಇದೆಲ್ಲ ನಿನ್ನ ಅಭಿಪ್ರಾಯ ತಾನೇ?' ಎಂದು ವಿಚಾರಣೆಗೆ ಶುರುವಿಟ್ಟರು. ಭೈರಪ್ಪ ವಾದ ಮಾಡಬಲ್ಲರು, ಕಾದಂಬರಿ ಬರೆಯಲಾರರು ಎಂಬರ್ಥದ ಮಾತನ್ನು ಅನಂತಮೂರ್ತಿ ಆಡಿದರು. 'ಆವರಣ'ದೊಳಗಿನ ಪ್ರೊಫೆಸರ್ ಶಾಸ್ತ್ರಿ ಯಾರು ಎಂದು ಓದುಗರು ಅದಾಗಲೇ ಬೆರಳು ತೋರಿಸಿ ಮಾತಾಡಿಕೊಳ್ಳುತ್ತಿದ್ದರು. ನಾರಣಪ್ಪ ನಾನಲ್ಲ ಎಂದು ಬದುಕಿಡೀ ಹೇಳಬೇಕಾಗಿ ಬಂದವರಿಗೆ ಶಾಸ್ತ್ರಿಯ ಪಟ್ಟ ತಾನಾಗಿ ಹುಡುಕಿಕೊಂಡು ಬಂತು.

ಬಾರ್ತ್ ಹೇಳಿದ ಸಾವಿಗೆ ನಮ್ಮ ಕಡೆ ಒಂದು ಕಾನೂನು ತೊಡಕಿದೆ. ಖಾತೆದಾರ ಸತ್ತರೆ ಪೌತಿ ಖಾತೆ ಆಗಬೇಕು. ಓದುಗನೇ ವಾರಸುದಾರ ಎಂದ ಬಾರ್ತ್. ಸರಿ, ವಂಶವೃಕ್ಷದ ಅಫಿಡವಿಟ್ ಎಲ್ಲಿ? ಓದುಗರು ಎಷ್ಟು ಮಂದಿ, ಎಲ್ಲರೂ ಬಂದು ರುಜು ಹಾಕುತ್ತಾರೆಯೇ? ಪೌತಿ ಖಾತೆಯ ಆಸೆಗೆ ಬದುಕಿರುವವರನ್ನೇ ಸತ್ತರೆಂದು ಬರೆಸುವ ದಾಯಾದಿಗಳನ್ನೂ ಈ ಲೋಕ ಕಂಡಿದೆ. ತಮಿಳಿನ ಪೆರುಮಾಳ್ ಮುರುಗನ್ 2015ರ ಜನವರಿಯಲ್ಲಿ ಲೇಖಕ ಪೆರುಮಾಳ್ ಮುರುಗನ್ ಸತ್ತನೆಂದು ತಾವೇ ಫೇಸ್‌ಬುಕ್‌ನಲ್ಲಿ ಬರೆಯಬೇಕಾಯಿತು, ಅವರ ಕಾದಂಬರಿಯೊಂದಕ್ಕೆ ಸಿಟ್ಟಾದ ಊರಿನವರು ಹಾಗೆ ಬರೆಯುವವರೆಗೆ ಬಿಡಲಿಲ್ಲ. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಅವರನ್ನು ಮತ್ತೆ ಬದುಕಿರುವವರ ಪಟ್ಟಿಗೆ ಸೇರಿಸಿತು. ಬಾರ್ತ್‌ನ ಸಿದ್ಧಾಂತ ನಮ್ಮ ದೇಶದಲ್ಲಿ ಜಾರಿಯಾಗುವ ರೀತಿ ಇದು.

ಲೇಖಕರೂ ಸಾಚಾ ಅಲ್ಲ. ಸನ್ಮಾನದ ಶಾಲು ಹೆಗಲ ಮೇಲಿರುವಾಗ 'ಪ್ರತಿಯೊಂದು ಪಾತ್ರವನ್ನೂ ನಾನು ಬದುಕಿದ್ದೇನೆ, ಪ್ರತಿ ಸಾಲಿನಲ್ಲೂ ನನ್ನ ರಕ್ತವಿದೆ' ಎನ್ನುತ್ತಾರೆ. ಲಾಯರ್ ನೋಟಿಸು ಕೈಗೆ ಬಂದ ಮರುದಿನ 'ಪಾತ್ರಗಳು ಕೇವಲ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಅದು ಕಾಕತಾಳೀಯ'. ಅಷ್ಟು ರಕ್ತ ರಾತ್ರೋರಾತ್ರಿ ಎಲ್ಲಿಗೆ ಹೋಯಿತೋ. ಆತ್ಮಕಥೆ ಬರೆದ ಕಾದಂಬರಿಕಾರರ ಪಾಡಂತೂ ಕೇಳಬೇಡಿ. 1970ರಲ್ಲಿ ಭೈರಪ್ಪನವರ 'ಗೃಹಭಂಗ' ಓದಿ ಅತ್ತವರು 1996ರಲ್ಲಿ ಅವರ ಆತ್ಮಕಥೆ 'ಭಿತ್ತಿ' ಬಂದಾಗ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಕಾದಂಬರಿಯ ನಂಜಮ್ಮನಲ್ಲಿ ಲೇಖಕರ ಅಮ್ಮ ಎಷ್ಟು ಎಂದು ಲೆಕ್ಕ ಹಾಕಿದರು. ಅತ್ತ ಕಣ್ಣಿಗೂ ಆಡಿಟ್.

ಈ ಎಲ್ಲ ರಗಳೆಗೆ ಒಂದು ಪರಿಹಾರ ನನ್ನಲ್ಲಿದೆ, ಸರ್ಕಾರ ಉಚಿತವಾಗಿ ಬಳಸಿಕೊಳ್ಳಬಹುದು. ಭೂಮಿ ಯೋಜನೆಯಲ್ಲಿ ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ರಾಜ್ಯ ನಮ್ಮದು. ಅದೇ ಕಂಪ್ಯೂಟರಿನಲ್ಲಿ ವಾಕ್ಯವಾರು ಪಹಣಿ ಶುರು ಮಾಡಲಿ. ಕಾದಂಬರಿ ಅಚ್ಚಾಗುವ ಮೊದಲು ಪ್ರತಿ ವಾಕ್ಯಕ್ಕೂ ಸರ್ವೆ ನಂಬರು. ಒಂಬತ್ತನೇ ಕಾಲಂನಲ್ಲಿ ವಾಕ್ಯದ ಒಡೆಯನ ಹೆಸರು, ಅಂದರೆ ಲೇಖಕ. ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರ, ಅಂದರೆ ಆ ವಾಕ್ಯ ಆಡುವ ಪಾತ್ರ, ಜೊತೆಗೆ ಬೆಳೆದ ಬೆಳೆ: ವಿಚಾರವೋ, ವಿಷಾದವೋ, ಬೈಗುಳವೋ. ಹತ್ತನೇ ಕಾಲಂನಲ್ಲಿ ಸ್ವಾಧೀನ ಹೇಗೆ ಬಂತು ಎಂದು: ಅನುಭವದಿಂದಲೋ, ದಾನವಾಗಿಯೋ, ಪಕ್ಕದವರ ಹೊಲ ಒತ್ತುವರಿ ಮಾಡಿಯೋ. ಹನ್ನೊಂದನೇ ಕಾಲಂ ಋಣಗಳದ್ದು; ನವ್ಯದ ಕಾಲದ ಕಾದಂಬರಿಗಳಲ್ಲಿ ಆ ಕಾಲಂಗೆ ಜಾಗ ಸಾಲದೆ ಹೆಚ್ಚುವರಿ ಹಾಳೆ ಲಗತ್ತಿಸಬೇಕಾಗುತ್ತದೆ, ಕಮೂ ಸಾರ್ತ್ರರ ಬಾಕಿಯೇ ಅಷ್ಟಿದೆ. 'ಸಂಸ್ಕಾರ'ದ ದೂರ್ವಾಸಪುರದ ಇಲಿಗಳ ಎದುರು ಬರ್ಗ್‌ಮನ್ ಹೆಸರು ಬರೆಯಬೇಕು. ಲೇಖಕ ಸಿದ್ಧಾಂತ ಬದಲಿಸಿದರೆ ಮೂವತ್ತು ದಿನದೊಳಗೆ ಮ್ಯುಟೇಶನ್. ತಕರಾರು ಇದ್ದವರು ತಹಶೀಲ್ದಾರರ ಮುಂದೆ ಹಾಜರಾಗತಕ್ಕದ್ದು. ಹೊಸಕೋಟೆ ತಹಶೀಲ್ದಾರರಿಗೆ ಈಗಿರುವ ಕಡತಗಳ ಜೊತೆ 'ಮೂಕಜ್ಜಿಯ ಕನಸುಗಳು' ಸೇರಿದರೆ ಬಹುಶಃ ಅವರಿಗೆ ಒಂದಿಷ್ಟು ನೆಮ್ಮದಿಯೇ ಸಿಕ್ಕೀತು.

ನಗುವವರು ನಗಲಿ, ನಮ್ಮ ನ್ಯಾಯಾಲಯಗಳು ಇಂಥ ಪಹಣಿಯಿಲ್ಲದೆ ಪಟ್ಟ ಕಷ್ಟ ಕಡಿಮೆಯಲ್ಲ. ಪಿ.ವಿ. ನಾರಾಯಣ ಅವರು ಬಸವಣ್ಣನವರ ಕಾಲದ ಬಗ್ಗೆ ಬರೆದ 'ಧರ್ಮಕಾರಣ' ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2007ರಲ್ಲಿ ಸರ್ಕಾರದ ಆದೇಶವೇ ಗಟ್ಟಿಯಾಯಿತು. ಕಾನೂನು ಪುಸ್ತಕಗಳಲ್ಲಿ ಆ ತೀರ್ಪು ಇರುವುದು ಬರಗೂರು ರಾಮಚಂದ್ರಪ್ಪನವರ ಹೆಸರಿನಲ್ಲಿ, ಅರ್ಜಿದಾರರಲ್ಲಿ ಅವರ ಹೆಸರು ಮೊದಲಿತ್ತು. ಬರೆದವರು ನಾರಾಯಣ, ಮಾತಾಡಿದವು ಪಾತ್ರಗಳು, ಕೇಸಿನಲ್ಲಿ ಅಜರಾಮರರಾದವರು ಬರಗೂರು. ಯಾರು ಯಾರ ಪರವಾಗಿ ಮಾತಾಡುತ್ತಿದ್ದಾರೆಂದು ಪತ್ತೆ ಹಚ್ಚಲು ಕೂತ ಪ್ರಕರಣವೇ ಇನ್ನೊಬ್ಬರ ಹೆಸರಿಗೆ ಖಾತೆಯಾಯಿತು. 2013ರ ಆಗಸ್ಟ್‌ನಲ್ಲಿ ಗಣಪತಿಯ ಕುರಿತ 'ಢುಂಢಿ' ಬರೆದ ಯೋಗೇಶ್ ಮಾಸ್ಟರ್ ಅವರನ್ನು ಪೊಲೀಸರು ಬಂಧಿಸಿದಾಗ ಅಷ್ಟೂ ಸುತ್ತುಬಳಸು ಇರಲಿಲ್ಲ, ಲೇಖಕರನ್ನೇ ಒಯ್ದರು. ಪಾತ್ರಗಳಿಗೆ ಕೋಳ ತೊಡಿಸುವ ವಿಧಾನ ಇನ್ನೂ ಬಂದಿಲ್ಲ.

ಕೇರಳದ ಎಸ್. ಹರೀಶ್ ಅವರ ಕಾದಂಬರಿ 'ಮೀಶ' ಇನ್ನೂ ಸ್ಪಷ್ಟ ಉದಾಹರಣೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ, ದೇವಸ್ಥಾನಕ್ಕೆ ಹೋಗುವ ಹೆಂಗಸರ ಬಗ್ಗೆ ಪಾತ್ರವೊಂದು ಆಡಿದ ನಾಲ್ಕು ಮಾತು ಸಿಕ್ಕಿಕೊಂಡಿತು. ಆ ಮಾತನ್ನು ಇನ್ನೊಂದು ಪಾತ್ರ ಕೇಳಿಸಿಕೊಂಡಿತ್ತು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಬೆದರಿಕೆಗೆ ಹರೀಶ್ ಧಾರಾವಾಹಿ ನಿಲ್ಲಿಸಿದರು. ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 5ರಂದು ವಜಾ ಮಾಡಿತು. 1857ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಲೋಬೆರನ ಮೇಲೆ 'ಮದಾಂ ಬೋವರಿ'ಗಾಗಿ ಕೇಸು ನಡೆದಾಗ ಸರ್ಕಾರಿ ವಕೀಲ ಪಿನಾರ್ ಎತ್ತಿದ ಆಕ್ಷೇಪವೂ ಇಂಥದೇ: ಈ ಪುಸ್ತಕದೊಳಗೆ ಈ ಹೆಂಗಸನ್ನು ತಪ್ಪು ಎನ್ನುವವರು ಒಬ್ಬರೂ ಇಲ್ಲವಲ್ಲ, ಹಾಗಾದರೆ ಬರೆದವನು ಅವಳ ಕಡೆಯವನೇ ತಾನೇ? ಫ್ಲೋಬೆರ್ ಖುಲಾಸೆಯಾದ. ಪಿನಾರ್ ಸೋತರೂ ಕೇಳಿದ ಪ್ರಶ್ನೆ ದಡ್ಡನದ್ದಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಪ್ರಕರಣದಲ್ಲಿ ನಗು ನಿಲ್ಲುತ್ತದೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರು 2014ರ ಜೂನ್‌ನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ, ಮೂರ್ತಿಗಳ ವಿಷಯವಾಗಿ ಅನಂತಮೂರ್ತಿ ಬರೆದಿದ್ದ ಪ್ರಸಂಗವೊಂದನ್ನು ಉಲ್ಲೇಖಿಸಿದರು. ಇನ್ನೊಬ್ಬರು ಬರೆದದ್ದು, ಅದೂ ಅವರ ಬಾಲ್ಯದ ಮಾತು. ಅಲ್ಲಿಂದ ಅದು ಕಲಬುರ್ಗಿಯವರ ಮಾತಾಯಿತು, ದೂರು ದಾಖಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮಾತು ಯಾರದ್ದು ಎಂದು ವಿಚಾರಿಸುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಪಿನಾರನ ಪ್ರಶ್ನೆಗೆ ಬರೋಣ. ಜಮೀನಿನ ವಿಷಯದಲ್ಲಿ ಒಡೆಯನ ಹೆಸರಿಗಿಂತ ಚಕ್ಕುಬಂದಿ ಮುಖ್ಯ ಎಂದು ಜಡಿಗೇನಹಳ್ಳಿಯಲ್ಲಿ ಯಾವ ಹುಡುಗನಾದರೂ ಹೇಳುತ್ತಾನೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಓಣಿಯೋ ರಾಜಕಾಲುವೆಯೋ. ಕಾದಂಬರಿಯ ಮಾತಿಗೂ ಚಕ್ಕುಬಂದಿ ನೋಡಬೇಕು. ಆ ಮಾತಿನ ಪಕ್ಕ ಯಾರು ನಿಂತಿದ್ದಾರೆ? ಎದುರುತ್ತರ ಕೊಡುವ ತಾಕತ್ತಿನವರೋ, ಹೂಂಗುಟ್ಟಲು ಕರೆತಂದವರೋ? ಮಾತಾಡಿದವನಿಗೆ ಕಥೆ ಮುಂದೆ ಏನು ಮಾಡುತ್ತದೆ?

ಭೈರಪ್ಪನವರದೇ 'ವಂಶವೃಕ್ಷ' ನೋಡಿ, 1965ರದ್ದು. ಶ್ರೀನಿವಾಸ ಶ್ರೋತ್ರಿಯರು ವಂಶ, ಬೀಜ, ಧರ್ಮ ಎಂದು ಅಷ್ಟು ಗಾಂಭೀರ್ಯದಿಂದ ಮಾತಾಡುವಾಗ ಇದೇ ಲೇಖಕರ ಸಿದ್ಧಾಂತ ಎಂದು ಯಾರಿಗಾದರೂ ಅನ್ನಿಸೀತು. ಆಮೇಲೆ ಹಳೆಯ ಕಾಗದಗಳು ಸಿಗುತ್ತವೆ. ದಾಯಾದಿಗೆ ಆಸ್ತಿ ಹೋಗಬಾರದೆಂಬ ಹಟಕ್ಕೆ ಹಿರಿಯರು ಮಾಡಿದ ಏರ್ಪಾಟಿನಿಂದ ತಾವು ಹುಟ್ಟಿದ್ದು, ತಮ್ಮಲ್ಲಿ ಆ ವಂಶದ ರಕ್ತವೇ ಇಲ್ಲ ಎಂದು ಶ್ರೋತ್ರಿಯರಿಗೆ ತಿಳಿಯುತ್ತದೆ. ಪಾತ್ರ ಕಟ್ಟಿದ್ದನ್ನೆಲ್ಲ ಕಾದಂಬರಿ ಒಂದೇ ಏಟಿಗೆ ಕೆಡವುತ್ತದೆ. ಈ ಕಾದಂಬರಿಯನ್ನು ಸಿನಿಮಾ ಮಾಡಿದವರು ಕಾರ್ನಾಡ ಮತ್ತು ಬಿ.ವಿ. ಕಾರಂತ, ಮುಂದೆ 2006ರಲ್ಲಿ ಟಿಪ್ಪುವಿನ ವಿಷಯಕ್ಕೆ ಪತ್ರಿಕೆಯಲ್ಲಿ ಭೈರಪ್ಪನವರ ಜೊತೆ ಜಗಳವಾಡಿದವರೂ ಅದೇ ಕಾರ್ನಾಡರು. ಶ್ರೋತ್ರಿಯರಿಗೆ ಚಕ್ಕುಬಂದಿ ಇತ್ತು. ಅವರ ಎದುರು ನಿಂತ ಸೊಸೆ ಕಾತ್ಯಾಯನಿಗೂ ಓದುಗನ ಮನಸ್ಸಿನಲ್ಲಿ ಅಷ್ಟೇ ಜಾಗವಿತ್ತು.

'ಆವರಣ'ದಲ್ಲಿ ಲಕ್ಷ್ಮಿಗೆ ಅಂಥ ಏಟು ಬೀಳುವುದಿಲ್ಲ. ಎದುರು ವಾದಿಸಲು ಬರುವವರು ಸೋಲಲೆಂದೇ ಬಂದವರ ಹಾಗೆ ಬರುತ್ತಾರೆ. ನಾಲ್ಕು ದಿಕ್ಕಿಗೂ ಅವಳದ್ದೇ ಜಮೀನು. ಅಲ್ಲಿ ಮಾತಿನ ಒಡೆಯ ಯಾರು ಎಂದು ಕೇಳುವುದು ನ್ಯಾಯವೇ, ಲೇಖಕರೇ ಬೇಲಿ ಕಿತ್ತುಹಾಕಿದ್ದಾರೆ. 2010ರ ಅವರ 'ಕವಲು' ಓದುವಾಗಲೂ ನನಗೆ ಹಾಗೇ ಅನ್ನಿಸಿತು. ಅಭಿಪ್ರಾಯಕ್ಕೆ ನನ್ನ ತಕರಾರಿಲ್ಲ. ಲೇಖಕರಿಗೆ ಯಾವ ಅಭಿಪ್ರಾಯ ಬೇಕಾದರೂ ಇರಲಿ. ಎದುರಿನವನಿಗೆ ಒಂದು ಒಳ್ಳೆಯ ವಾಕ್ಯವನ್ನೂ ಕೊಡದ ಜಿಪುಣತನದ ಬಗ್ಗೆ ತಕರಾರು. ಇದು ಭೈರಪ್ಪನವರೊಬ್ಬರ ಕಾಯಿಲೆಯಲ್ಲ. ಎದುರು ಬಣದ ಎಷ್ಟು ಕಾದಂಬರಿಗಳಲ್ಲಿ ಶ್ಯಾನುಭೋಗನಿಗೋ ಪುರೋಹಿತನಿಗೋ ಒಂದು ಬುದ್ಧಿವಂತ ಮಾತು ಸಿಕ್ಕಿದೆ? ಮೂರ್ಖ ಜಮೀನ್ದಾರ, ಹೊಟ್ಟೆಬಾಕ ಪೂಜಾರಿ, ಅವರ ನಡುವೆ ಲೇಖಕರದೇ ಕನ್ನಡಕ ಹಾಕಿದ ಯುವಕ. ಅವರ ಸಿದ್ಧಾಂತ ನನಗೆ ಹತ್ತಿರವಾದರೂ ಅವರ ಪೂಜಾರಿ ನನಗೆ ಬೇಸರ.

ಇನ್ನೊಂದು ತುದಿಯಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ, 2013ರದ್ದು. ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವವನಿಗೆ ಹೆಸರೇ ಇಲ್ಲ. ಮನೆಯಲ್ಲಿ ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿ, ಕೆಲಸವಿಲ್ಲದೆ ಬರುವ ಸಂಬಳ. ಅವನ ದನಿ ಎಷ್ಟು ಮೃದು, ಎಷ್ಟು ಸಭ್ಯ ಎಂದರೆ ಅರ್ಧ ದಾರಿಯವರೆಗೆ ನಾವು ಅವನ ಜೊತೆಯಲ್ಲೇ ಹೋಗುತ್ತೇವೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದು ಅಟ್ಟುತ್ತಾರೆ, ಡಬ್ಬಿ ಕೆಳಗೆ ಬೀಳುತ್ತದೆ, ಸಾರು ಚೆಲ್ಲುತ್ತದೆ, ಇವನು ಒಳಗೆ ನಿಂತು ನೋಡುತ್ತಾನೆ. ಹೆಂಡತಿ ಅನಿತಾ ಒಬ್ಬಳೇ ಬಾಯಿಬಿಟ್ಟು ಕೇಳುವವಳು. ಅವಳು ಮನೆಯಲ್ಲಿಲ್ಲದ ದಿನವೇ ಇವನು ನಮಗೆ ಕಥೆ ಹೇಳುತ್ತಿದ್ದಾನೆ. ಇವನು ಹೇಳದೆ ಬಿಟ್ಟದ್ದೇ ಇವನ ಮೇಲಿನ ಆರೋಪಪಟ್ಟಿ. ಅದನ್ನು ಇವನ ಬಾಯಿಂದಲೇ ಬರೆಸಿಕೊಂಡವರು ಶಾನಭಾಗರು. ಈ 'ನಾನು' ಲೇಖಕರೇ ಎಂದು ಓದಿದವರು ಶಾನಭಾಗರ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬೇಕಿತ್ತು. ಯಾಕೋ ಯಾರೂ ಕೊಡಲಿಲ್ಲ. ಸಂಸಾರಸ್ಥರ ಹೇಡಿತನದಿಂದ ಯಾವ ಸಮುದಾಯದ ಭಾವನೆಗೂ ಧಕ್ಕೆಯಾಗುವುದಿಲ್ಲವಲ್ಲ.

ಧಕ್ಕೆಯ ಮಾತು ಬಂದಿದ್ದಕ್ಕೆ ಒಂದು ಹಳೆಯ ಬಾಕಿ ಪ್ರಕರಣ ಹೇಳಿಬಿಡುತ್ತೇನೆ. ಲೇಖಕನ ಹೊಣೆಯನ್ನು ಇಷ್ಟು ಬಿಗಿಯಾಗಿ ಹಿಡಿಯುವುದಾದರೆ ಮಹಾಭಾರತವನ್ನೂ ಬಿಡುವಂತಿಲ್ಲ. ವ್ಯಾಸರು ಲೇಖಕರೂ ಹೌದು, ಪಾತ್ರವೂ ಹೌದು, ಎರಡೂ ಕಡೆಯ ಕಕ್ಷಿದಾರರಿಗೆ ಅಜ್ಜನೂ ಹೌದು. ಹಿತಾಸಕ್ತಿ ಸಂಘರ್ಷದ ಇಂಥ ಪ್ರಕರಣ ಯಾವ ಲೋಕಾಯುಕ್ತದ ಮುಂದೂ ಬಂದಿರಲಾರದು. ಕನ್ನಡದಲ್ಲಿ ಅದೇ ಕಥೆ ಹೇಳಿದ ಕುಮಾರವ್ಯಾಸ ಇನ್ನೂ ಚಾಣಾಕ್ಷ. ಕವಿ ಗದುಗಿನ ವೀರನಾರಾಯಣ, ತಾನು ಬರಿಯ ಲಿಪಿಕಾರ ಎಂದು ಮೊದಲೇ ಹೇಳಿಕೆ ಕೊಟ್ಟು ಪಾರಾದ. ದೇವರ ಹೆಸರಿನಲ್ಲಿ ಪಹಣಿ ಇರುವುದು ನಮ್ಮಲ್ಲಿ ಹೊಸದಲ್ಲ, ದೇವರ ಮೇಲೆ ದಾವೆ ಹೂಡಲೂ ಕಾನೂನಿನಲ್ಲಿ ಅವಕಾಶವಿದೆ. ಆ ಕಾವ್ಯದ ರಾಜಸೂಯದಲ್ಲಿ ಶಿಶುಪಾಲ ಎದ್ದು ನಿಂತು ತುಂಬಿದ ಸಭೆಯಲ್ಲಿ ಕೃಷ್ಣನ ಜಾತಿ ಎತ್ತಿ, ಕಸುಬು ಎತ್ತಿ ಬಾಯಿಗೆ ಬಂದಂತೆ ಬೈಯುತ್ತಾನೆ. ಬರೆದವನು ವೀರನಾರಾಯಣ, ಅಂದರೆ ಸಾಕ್ಷಾತ್ ಕೃಷ್ಣನೇ. ಹಾಗಾಗಿ ಫಿರ್ಯಾದಿಯೂ ಅವನೇ, ಆರೋಪಿಯೂ ಅವನೇ. ಎಫ್‌ಐಆರ್ ಬರೆದುಕೊಳ್ಳಲು ಗದಗದ ಯಾವ ಠಾಣೆಯ ಪಿಎಸ್‌ಐ ಸಾಹೇಬರಾದರೂ ಸಿದ್ಧರಿದ್ದರೆ ಅರ್ಜಿ ಬರೆದುಕೊಡುವವರು ನಮ್ಮ ಹೋಬಳಿಯಲ್ಲಿದ್ದಾರೆ. ಕಣ್ಣೀರಿಗೆ ರೇಟು ಬೇರೆ.